ಓಡುವ ಎದೆಗೆ ಇಟ್ಟ ಹೆಸರು

ಟ್ಯಾಕಿಕಾರ್ಡಿಯಾ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಶಹಾಬಾದಿನ ಒಂದು ದವಾಖಾನೆಯಲ್ಲಿ, ನನ್ನ ಚೊಚ್ಚಲ ಮಗಳು ಇನ್ನೂ ಹಸುಗೂಸಾಗಿದ್ದಾಗ. ಡಾಕ್ಟರರ ಬಾಯಿಂದ ಅದು ಹೊರಬಿದ್ದದ್ದೇ ತಡ, ನನ್ನ ಅವ್ವ ನೆಲದ ಮೇಲೆ ಕುಸಿದು ಕುಳಿತಳು. ಅಷ್ಟುದ್ದದ ಹೆಸರಿನ ರೋಗ ಸಣ್ಣದಿರಲು ಸಾಧ್ಯವೇ ಇಲ್ಲ ಎಂದು ಅವಳ ಲೆಕ್ಕ. ನಾನು ಮ್ಯಾಟ್ರಿಕ್ ಪಾಸಾದವಳು, ನಾಲ್ಕು ಅಕ್ಷರ ಇಂಗ್ಲಿಷ್ ಕಲಿತವಳು ಎಂಬ ಸೊಕ್ಕು ನನಗಿತ್ತು. ಆದರೂ ನನ್ನ ಲೆಕ್ಕ ಅವಳದಕ್ಕಿಂತ ಬೇರೆಯಾಗಿರಲಿಲ್ಲ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಗ ಕೆಲವೇ ವರ್ಷ ಆಗಿತ್ತು. ನಮ್ಮವರು, ಅಂದರೆ ನನ್ನ ಯಜಮಾನರು, ವಾಡಿಯಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಮೊದಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ನಾನು ಸೇಡಂಗೆ ಬಂದಿದ್ದೆ. ಬಂದದ್ದು ಬೇಸಿಗೆಯಲ್ಲಿ. ಆ ಕಡೆಯ ಬೇಸಿಗೆ ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ, ಗೊತ್ತಿದ್ದವರಿಗೆ ಹೇಳಬೇಕಾಗಿಯೇ ಇಲ್ಲ. ಮನೆಯ ನೆಲ, ಮಾಳಿಗೆ, ಕಟ್ಟೆ ಎಲ್ಲ ಫರಸಿ ಕಲ್ಲಿನವು. ಹಗಲೆಲ್ಲ ಕಾದು, ಸಂಜೆಯ ಮೇಲೆ ಆ ಕಾವನ್ನು ನಮ್ಮ ಮೇಲೆ ಬಿಡುತ್ತಿದ್ದವು.

ಬಾಣಂತಿಯ ಕೋಣೆಗೆ ಇದ್ದ ಒಂದೇ ಕಿಟಕಿಗೆ ಅವ್ವ ಹಳೆಯ ಅರಿವೆ ತುರುಕಿದ್ದಳು. ಹೊರಸಿನ ಕೆಳಗೆ ಕೆಂಡದ ಶೇಗಡಿ. ಕಿವಿಗೆ ಹತ್ತಿ, ಹತ್ತಿಯ ಮೇಲೆ ತಲೆಗೆ ಸುತ್ತಿದ ದಪ್ಪ ಪಟ್ಟಿ. ಬರಿಗಾಲನ್ನು ಕಲ್ಲಿನ ಮೇಲೆ ಇಡುವಂತಿಲ್ಲ. ಊಟಕ್ಕೇನೂ ಕೊರತೆಯಿರಲಿಲ್ಲ, ತುಪ್ಪ ಸುರಿದ ಅನ್ನ, ಅಂಟಿನುಂಡಿ, ಅಳವಿ ಪಾಯಸ, ಮೆಣಸಿನ ಸಾರು ಎಲ್ಲ ಹೊತ್ತುಹೊತ್ತಿಗೆ ಬರುತ್ತಿದ್ದವು. ಬರದಿದ್ದದ್ದು ನೀರು ಮಾತ್ರ. ಬಾಣಂತಿ ಕುಡಿದ ನೀರು ಹಾಲಿಗೆ ಇಳಿಯುತ್ತದೆ, ಕೂಸಿಗೆ ಶೀತವಾಗುತ್ತದೆ ಎಂಬುದು ಓಣಿಯ ಎಲ್ಲ ಮನೆಗಳ ಕಾನೂನು. ಉಂಡ ಮೇಲೆ ಅಜವಾನ ಹಾಕಿ ಕುದಿಸಿದ ನೀರು ಒಂದು ಸಣ್ಣ ವಾಟಗದಲ್ಲಿ, ಅಷ್ಟೇ. ಉಳಿದ ಮನೆಗಳಲ್ಲಿ ಬಾಣಂತಿ ಅತ್ತು ಕರೆದರೆ ಇನ್ನೊಂದು ಗುಟುಕು ಸಿಗುತ್ತಿತ್ತು. ನಮ್ಮ ಅವ್ವನ ಹತ್ತಿರ ಆ ಆಟ ನಡೆಯುತ್ತಿರಲಿಲ್ಲ. ಹಿತ್ತಲಿನ ಬಾಗಿಲಿಗೂ ನನಗೂ ನಡುವೆ ಅವಳೇ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು.

ಎದೆ ಹಾರಲು ಶುರುವಾದದ್ದು ಒಂದು ಮಧ್ಯಾಹ್ನ. ಕೂಸಿಗೆ ಹಾಲು ಕೊಟ್ಟು ಎದ್ದು ನಿಂತೆ, ಎದೆ, ಯಾರೋ ಬೆನ್ನು ಹತ್ತಿದಂತೆ, ಓಟ ಹಿಡಿಯಿತು. ಕಣ್ಣು ಕತ್ತಲಿಟ್ಟಿತು. ಕುಳಿತೆ, ನಿಧಾನ ಸರಿಹೋಯಿತು. ಮರುದಿನ ಕುಳಿತಾಗಲೂ ಓಡಿತು, ಅದರ ಮರುದಿನ ಮಲಗಿದಾಗಲೂ. ಅವ್ವನಿಗೆ ಹೇಳಿದೆ. ಅವಳು ಊರ ಹೊರಗಿನ ಕಲ್ಲಿನ ಖಣಿಯ ಸಿಡಿಮದ್ದಿನ ಸದ್ದಿಗೆ ಅಂಜಿಕೊಂಡಿದ್ದೀ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಏಳಲಿಲ್ಲವಂತೆ, ಆದ್ದರಿಂದ ದೃಷ್ಟಿಯೇ ಖರೆ ಎಂದಳು.

ಆಮೇಲೆ ಹೆಸರುಗಳು ಬರತೊಡಗಿದವು. ಬಾಜೂ ಮನೆಯ ಮುದುಕಿಯನ್ನು ನಾವೆಲ್ಲ ಖಾಲಾ ಎನ್ನುತ್ತಿದ್ದೆವು. ಆಕೆ ನನ್ನ ಮಣಿಕಟ್ಟು ಹಿಡಿದು ನೋಡಿ, ಇದು ಖಫಕಾನ್, ಚಿತಾಪುರದ ಹಕೀಮರು ತನ್ನ ತಂಗಿಗೂ ಇದನ್ನೇ ಹೇಳಿದ್ದರು ಎಂದಳು. ತಂಗಿ ಈಗ ಹೇಗಿದ್ದಾಳೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನಮ್ಮ ಅಪ್ಪ ಶಾಲಾ ಮಾಸ್ತರರು, ಸಂಸ್ಕೃತದ ಹುಚ್ಚಿನವರು. ಅವರು ಒಂದು ಇಡೀ ಮುಂಜಾನೆ ಹಳೆಯ ವೈದ್ಯದ ಪುಸ್ತಕ ತಿರುವಿ ಹಾಕಿ, ಬಾಗಿಲಲ್ಲಿ ನಿಂತು, ಹೃದ್ದ್ರವ ಎಂದರು. ಹೃದ್ ಅಂದರೆ ಹೃದಯ, ದ್ರವ ಅಂದರೆ ಇಲ್ಲಿ ನೀರಲ್ಲ, ಓಡುವುದು, ದ್ರು ಧಾತು ಎಂದು ಬಿಡಿಸಿ ಹೇಳಿದರು. ಪದ ಸಿಕ್ಕ ಸಂತೋಷದಲ್ಲಿ ಅವರಿಗೆ ಮಗಳ ಮುಖ ಕಾಣಲೇ ಇಲ್ಲ. ಊಟಕ್ಕೆ ಕೂತಾಗ ಎರಡು ರೊಟ್ಟಿ ಹೆಚ್ಚಿಗೆ ತಿಂದರೆಂದು ಅವ್ವ ಬೈದುಕೊಂಡಳು.

ಇಷ್ಟರವರೆಗೆ ನನಗೆ ಅಂಥ ಹೆದರಿಕೆಯೇನೂ ಇರಲಿಲ್ಲ. ಹೆದರಿಕೆ ಬಂದದ್ದು ಕೂಸಿನ ಎದೆ ಮುಟ್ಟಿದ ದಿನ. ಅದು ತೊಡೆಯ ಮೇಲೆ ನಿದ್ದೆ ಹೋಗಿತ್ತು. ಹೊದಿಕೆ ಸರಿಸಿ, ಸುಮ್ಮನೆ, ಮುದ್ದಿಗೆ, ಎದೆಯ ಮೇಲೆ ಅಂಗೈ ಇಟ್ಟೆ. ನನ್ನದಕ್ಕಿಂತ ಜೋರು. ನನ್ನದು ಓಡುತ್ತಿದ್ದರೆ ಅದರದು ಹಾರುತ್ತಿತ್ತು. ಅಂಗೈ ತೆಗೆದು ಮತ್ತೆ ಇಟ್ಟೆ. ಅದೇ. ನಿದ್ದೆಯಲ್ಲಿರುವ ಕೂಸು, ಯಾವ ಸದ್ದಿಗೂ ಅಂಜದ ಕೂಸು, ಅದಕ್ಕೆ ಎಲ್ಲಿಂದ ಬಂತು ಇದು? ನನ್ನಿಂದಲ್ಲದೆ ಎಲ್ಲಿಂದ ಬರಬೇಕು? ನನ್ನ ರೋಗ ಹಾಲಿನ ಜೊತೆ ಅದರ ಮೈಯೊಳಗೆ ಇಳಿದಿದೆ ಎಂದು ನನಗೆ ಅನ್ನಿಸಿತು. ಅನ್ನಿಸಿತು ಎಂದರೆ ಕಡಿಮೆಯಾಯಿತು. ನನಗೆ ಅದು ಖಾತ್ರಿಯೇ ಆಯಿತು.

ಅವ್ವನನ್ನು ಕೂಗಿದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡು ಬಂದು ಕೂಸಿನ ಎದೆಯ ಮೇಲೆ ಕೈಯಿಟ್ಟಳು. ನಾಲ್ಕು ಮಕ್ಕಳನ್ನು ಸಾಕಿದವಳು, ಓಣಿಯ ಎಷ್ಟೋ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದವಳು. ಆದರೆ ಎಣ್ಣೆ ಹಚ್ಚುವ ಕೈ ಬೇರೆ, ಅಂಜಿದ ಕೈ ಬೇರೆ. ಅವಳ ಮುಖದ ಬಣ್ಣ ಹೋದದ್ದನ್ನು ನಾನು ಕಣ್ಣಾರೆ ಕಂಡೆ.

"ಇನ್ನ ನಿನ್ನ ಹಾಲ ಬ್ಯಾಡವಾ ಇದಕ್ಕ," ಎಂದಳು.

ಅವತ್ತಿನಿಂದ ಕೂಸಿಗೆ ಆಡಿನ ಹಾಲು. ಅರಿವೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು. ಕೂಸು ಎರಡು ಸಲ ಚೀಪಿ, ಮೋಸ ಗೊತ್ತಾಗಿ ಚೀರುತ್ತಿತ್ತು. ನನ್ನ ಎದೆ ಕಲ್ಲಾಗಿತ್ತು, ಕುಪ್ಪಸ ತೊಯ್ದು ಒಣಗಿ ಮತ್ತೆ ತೊಯ್ಯುತ್ತಿತ್ತು. ಅವ್ವ ಬಿಗಿಯಾಗಿ ಸೀರೆ ಕಟ್ಟಿದಳು. ಒಂದು ಗೋಡೆಯ ಆಚೆ ಕೂಸು ಅಳುತ್ತಿತ್ತು, ಈಚೆ ನಾನು. ಹೋಗಿ ಎತ್ತಿಕೊಳ್ಳಬೇಕೆಂದು ಕಾಲು ಹೊರಸಿನಿಂದ ಇಳಿಯುತ್ತಿತ್ತು, ಎತ್ತಿಕೊಂಡರೆ ವಿಷ ಕುಡಿಸಿಬಿಡುತ್ತೇನೆಂದು ಮತ್ತೆ ಮೇಲೇರುತ್ತಿತ್ತು. ಜೀವನದಲ್ಲಿ ಆಮೇಲೆ ಬೇಕಾದಷ್ಟು ಕಷ್ಟ ನೋಡಿದ್ದೇನೆ. ಆ ಗೋಡೆಯಂಥದ್ದನ್ನು ನೋಡಲಿಲ್ಲ.

ಭಾನುವಾರ ನಮ್ಮವರು ಬಂದರು. ಕೂಸು ಸೊರಗಿದ್ದನ್ನು ನೋಡಿದರು, ನನ್ನನ್ನು ನೋಡಿದರು. ಹೆಚ್ಚು ಮಾತಿನವರಲ್ಲ. ಅತ್ತೆಯ ಎದುರು ದನಿ ಎತ್ತಿದವರಂತೂ ಅಲ್ಲ. ಶಹಾಬಾದಿನಲ್ಲಿ ಖಣಿಯವರೂ ಸಿಮೆಂಟಿನವರೂ ತೋರಿಸಿಕೊಳ್ಳುವ ಒಬ್ಬ ಡಾಕ್ಟರರಿದ್ದಾರೆ, ನಾಳೆ ಮುಂಜಾನೆಯ ಗಾಡಿಗೆ ಹೋಗೋಣ ಎಂದರು. ಬಾಣಂತಿ ಹೊಸ್ತಿಲು ದಾಟುವುದುಂಟೇ ಎಂದು ಅವ್ವ ಗೊಣಗಿದಳು. ಆದರೆ ಬೆಳಕು ಹರಿಯುವ ಮುಂಚೆ ಆಡಿನ ಹಾಲು ಕಾಯಿಸಿ ತಂಬಿಗೆಗೆ ಹಾಕಿಕೊಂಡು ಅವಳೇ ಮೊದಲು ಹೊರಟು ನಿಂತಿದ್ದಳು.

ಚಿತಾಪುರ ದಾಟಿ, ವಾಡಿಯಲ್ಲಿ ಗಾಡಿ ಬದಲಿಸಿ, ಶಹಾಬಾದ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ತಲೆಗೆ ಪಟ್ಟಿ, ಮೈಗೆ ಶಾಲು, ಬೆವರು ಬರುವುದು ನಿಂತೇ ಹೋಗಿತ್ತು. ದವಾಖಾನೆಯ ಪಡಸಾಲೆಯಲ್ಲಿ ಖಣಿಯ ಹೆಂಗಸರು ಕಂಕುಳಲ್ಲಿ ಒಂದೊಂದು ಕೂಸು ಇಟ್ಟುಕೊಂಡು ಕುಳಿತಿದ್ದರು. ಎಲ್ಲರ ತಲೆಯ ಮೇಲೂ ಬಿಳಿ ಕಲ್ಲಿನ ಹುಡಿ. ಪಕ್ಕದಲ್ಲಿದ್ದವಳಿಗೆ ಚೀಟಿ ತೆಗೆದುಕೊಳ್ಳಬೇಕಿತ್ತು. ಸ್ವಲ್ಪ ಹಿಡಿಯವ್ವಾ ಎಂದು ತನ್ನ ಕೂಸನ್ನು ನನ್ನ ತೊಡೆಗೆ ಹಾಕಿ ಹೋದಳು. ಗುಂಡಗೆ ಗಟ್ಟಿಮುಟ್ಟಾಗಿದ್ದ ಗಂಡು. ಕೈ ಸುಮ್ಮನಿರಲಿಲ್ಲ, ಅದರ ಎದೆಯ ಮೇಲೆ ಹೋಯಿತು. ಅದೂ ಹಾರುತ್ತಿತ್ತು. ಆಕೆ ಬಂದ ಮೇಲೆ ಇನ್ನೊಬ್ಬಳ ಕೂಸನ್ನು ಮುದ್ದಾಗಿದೆ ಎಂದು ಹೊಗಳಿ ಎತ್ತಿಕೊಂಡೆ. ಅದೂ ಹಾಗೆಯೇ. ಅವ್ವನ ಕಿವಿಯಲ್ಲಿ ಹೇಳಿದೆ. ಅವಳೂ ಒಂದು ಕೂಸನ್ನು ಇಸಿದುಕೊಂಡು ಪರೀಕ್ಷೆ ಮಾಡಿದಳು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ಈ ಊರಿನ ಹುಡೀಲಿಂದ ಎಲ್ಲಾ ಕೂಸಿಗೂ ರೋಗ ಹತ್ತ್ಯಾದ ನೋಡು," ಎಂದಳು ಅವ್ವ, ಮರುಕದಿಂದ.

ನಾನೂ ತಲೆಯಾಡಿಸಿದೆ. ಇಡೀ ಶಹಾಬಾದಿನ ಕೂಸುಗಳಿಗೆ ಹೃದಯದ ರೋಗ ಎಂದು ನಂಬುವುದು ನಮಗೆ ಸುಲಭವಾಯಿತೇ ಹೊರತು, ನಮ್ಮ ಕೂಸು ನೆಟ್ಟಗಿದೆ ಎಂದು ನಂಬುವುದು ಸುಲಭವಾಗಲಿಲ್ಲ. ಈಗ ನೆನೆದರೆ ನಗು ಬರುತ್ತದೆ. ಅವತ್ತು ನಮಗೆ ನಗು ಎಲ್ಲಿತ್ತು!

ಡಾಕ್ಟರರು ಮೈಸೂರು ಸೀಮೆಯವರು, ವಯಸ್ಸಾದವರು, ರಾಜ್ಯ ಒಂದಾದ ಮೇಲೆ ಈ ಕಡೆ ಬಂದವರು. ಅವರ ಕನ್ನಡ ನಮಗೆ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತು, ನಮ್ಮದು ಅವರಿಗೆ ಹೇಗೆ ಕೇಳುತ್ತಿತ್ತೋ ದೇವರಿಗೇ ಗೊತ್ತು. ನನ್ನ ಎದೆಗೆ ನಳಿಗೆ ಇಟ್ಟು ಕೇಳಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ನಾಲಿಗೆ ನೋಡಿದರು. ನರ್ಸಿನ ಕಡೆ ತಿರುಗಿ ಆ ಮಾತು ಹೇಳಿದರು. ಅವ್ವ ಕುಸಿದದ್ದು ಆಗಲೇ.

ಅವರು ಗಾಬರಿಯಾಗಿ ಅವಳನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದರು. ಏನಾಯಿತು ಎಂದು ಕೇಳಿದರು. ನಮ್ಮವರು ಸಂಕೋಚದಿಂದ, ಆ ರೋಗಕ್ಕೆ ಮದ್ದುಂಟೇನ್ರಿ ಎಂದರು.

"ಅಯ್ಯೋ, ಅದು ರೋಗದ ಹೆಸರಲ್ಲಪ್ಪ," ಎಂದರು ಡಾಕ್ಟರು. "ಗ್ರೀಕ್ ಭಾಷೇಲಿ ಟ್ಯಾಕಿಸ್ ಅಂದ್ರೆ ಬೇಗ, ಕಾರ್ಡಿಯಾ ಅಂದ್ರೆ ಹೃದಯ. ಬೇಗ ಓಡೋ ಹೃದಯ, ಅಷ್ಟೇ. ಈಯಮ್ಮ ಬಂದ ಕೂಡಲೇ ಏನು ಹೇಳಿದ್ರೋ ಅದನ್ನೇ ನಾನು ಬೇರೆ ಭಾಷೇಲಿ ಹೇಳಿದೆ. ಯಾಕೆ ಓಡ್ತಿದೆ ಅನ್ನೋದನ್ನ ಇನ್ನು ಹುಡುಕಬೇಕು."

ಆ ಗಳಿಗೆಯಲ್ಲಿ ನನಗೆ ಸಮಾಧಾನವಾಗಬೇಕಿತ್ತು, ಸಿಟ್ಟು ಬಂತು. ನಾನು ಹೇಳಿದ್ದನ್ನೇ ನನಗೆ ತಿರುಗಿ ಹೇಳಲು ಇಷ್ಟು ದೊಡ್ಡ ಮಾತೇ ಎಂದು.

ಬಹಳ ವರ್ಷಗಳ ಮೇಲೆ, ಟ್ರೈನಿಂಗು ಮುಗಿಸಿ ನಾನೇ ಶಾಲೆಯಲ್ಲಿ ಅಕ್ಕೋರಾಗಿ, ಪದಗಳ ಬೇರು ಹುಡುಕುವ ಅಪ್ಪನ ಹುಚ್ಚು ನನಗೂ ಹತ್ತಿದಾಗ, ಆ ಸಿಟ್ಟು ಇಳಿಯಿತು. ಹಳೆಯ ಗ್ರೀಕರು ಈ ಮಾತನ್ನು ಆಡಿದವರೇ ಅಲ್ಲವಂತೆ. ಅವರ ಎರಡು ಪದಗಳನ್ನು ತೆಗೆದುಕೊಂಡು ಯುರೋಪಿನ ವೈದ್ಯರು ತೀರ ಈಚೆಗೆ ಹೊಲಿದದ್ದಂತೆ. ಕಾರ್ಡಿಯಾ ಎಂಬುದೂ ನಮ್ಮ ಹೃದ್ ಎಂಬುದೂ ಯಾವುದೋ ಕಾಲದಲ್ಲಿ ಒಂದೇ ಮನೆಯವು ಎಂದು ಓದಿದಾಗ, ಅಪ್ಪ ಇರಬೇಕಿತ್ತು ಅನ್ನಿಸಿತು, ಇದ್ದಿದ್ದರೆ ಮತ್ತೆರಡು ರೊಟ್ಟಿ ತಿನ್ನುತ್ತಿದ್ದರು. ಖಾಲಾ ಹೇಳಿದ ಖಫಕಾನ್ ಅರಬ್ಬಿಯದು, ರೆಕ್ಕೆ ಬಡಿಯುವುದಕ್ಕೂ ಅದೇ ಮಾತಂತೆ. ನಾವು ಎದೆ ಹಾರುತ್ತದೆ ಎನ್ನುವುದಿಲ್ಲವೇ, ಹಾಗೆ. ವಾಡಿಗೆ ಡೀಸೆಲ್ ಇಂಜಿನ್ನು ಬಂದ ಮೇಲೆ ನಮ್ಮವರು ಒಂದು ಸಂಜೆ ಮನೆಗೆ ಬಂದವರೇ, "ನಿನ್ನ ರೋಗದ ತಮ್ಮ ನಮ್ಮ ಇಂಜಿನ್ದಾಗ ಅದಾನ," ಎಂದು ಚೇಷ್ಟೆ ಮಾಡಿದ್ದರು. ಇಂಜಿನ್ನು ಎಷ್ಟು ಜೋರು ತಿರುಗುತ್ತಿದೆ ಎಂದು ತೋರಿಸುವ ಗಡಿಯಾರದಂಥದಕ್ಕೆ ಟ್ಯಾಕೊಮೀಟರ್ ಎನ್ನುತ್ತಾರಲ್ಲ, ಅದು. ಓಡುವುದನ್ನು ಅದು ತೋರಿಸುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಇಷ್ಟು ಭಾಷೆಗಳ ಇಷ್ಟು ಜನ ಕೂಡಿ ನನ್ನ ಎದೆಗೆ ಒಳ್ಳೊಳ್ಳೆಯ ಹೆಸರಿಟ್ಟಿದ್ದರು. ನೀರು ಕುಡಿದೆಯಾ ಎಂದು ಕೇಳಿದವರು ಒಬ್ಬರೇ.

ಅವತ್ತು ಡಾಕ್ಟರರು ಕೇಳಿದ್ದು ಅದನ್ನೇ. ನನ್ನ ಮುಂಗೈಯ ಚರ್ಮವನ್ನು ಚಿವುಟಿ ಬಿಟ್ಟರು. ಅದು ಚಿವುಟಿದಂತೆಯೇ ನಿಂತಿತು, ಮಡಿಕೆ ಇಳಿಯಲಿಲ್ಲ. ದಿನಕ್ಕೆ ಎಷ್ಟು ನೀರು ಕುಡಿಯುತ್ತೀ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಉತ್ತರ ಕೊಟ್ಟಳು, ಹೆಮ್ಮೆಯಿಂದ. ನಮ್ಮ ಮನೆಯಲ್ಲಿ ಹೊತ್ತಿಗೆ ಒಂದು ವಾಟಗ, ಅದೂ ಕುದಿಸಿದ್ದು, ಒಂದು ಹನಿ ಹೆಚ್ಚು ಕೊಟ್ಟವಳಲ್ಲ ನಾನು ಎಂದಳು. ಶೇಗಡಿಯ ಸಂಗತಿಯನ್ನೂ ಹೇಳಿದಳು. ಡಾಕ್ಟರರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಬೈಯಲಿಲ್ಲ. ಹೆರಿಗೆಯಲ್ಲಿ ರಕ್ತ ಹೋಗಿದೆ, ಅದರ ಮೇಲೆ ಮೈಯಲ್ಲಿ ನೀರಿಲ್ಲ, ಇದ್ದಷ್ಟನ್ನೇ ಬೇಗ ಬೇಗ ತಿರುಗಿಸಬೇಕಾಗಿ ಪಾಪ ಎದೆ ಓಡುತ್ತಿದೆ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ರಕ್ತಕ್ಕೆ ಗುಳಿಗೆ ಕೊಡುತ್ತೇನೆ, ನೀರು ನೀವು ಕೊಡಬೇಕು, ಕೇಳಿದಾಗ ಕೇಳಿದಷ್ಟು ಎಂದರು.

ನನಗೆ ಅದ್ಯಾವುದೂ ತಲೆಗೆ ಹೋಗಲಿಲ್ಲ. "ನಂದಿರ್ಲಿರಿ. ಕೂಸಿಂದೂ ಓಡ್ಲಿಕತ್ತದ್ರಿ," ಎಂದೆ. ಅಷ್ಟೇ ಹೇಳಿ ಕೂಸನ್ನು ಅವರ ಮುಂದೆ ಚಾಚಿದೆ. ಹಾಲು ಬಿಡಿಸಿದ್ದನ್ನು, ಬತ್ತಿಯನ್ನು, ಹೊರಗಿನ ಕೂಸುಗಳ ಎದೆ ಮುಟ್ಟಿ ನೋಡಿದ್ದನ್ನು ನಮ್ಮವರು ಹೇಳಬೇಕಾಯಿತು. ಕಡೆಯದನ್ನು ಕೇಳಿ ನರ್ಸು ನಕ್ಕಳು. ಡಾಕ್ಟರರು ನಗಲಿಲ್ಲ. ಕೂಸಿನ ಎದೆಗೆ ನಳಿಗೆ ಇಟ್ಟು ಸಾವಕಾಶವಾಗಿ ಕೇಳಿದರು.

"ಎಲ್ಲ ಕೂಸುಗಳದ್ದೂ ಹೀಗೇ ತಾಯಿ. ಇದೇ ಅದರ ನಡಿಗೆ. ದೊಡ್ಡವರ ಹಾಗೆ ನಿಧಾನ ಹೊಡ್ಕೊಂಡಿದ್ರೆ ನಾನು ಹೆದರ್ತಿದ್ದೆ. ಹೋಗಿ ಹಾಲು ಕೊಡು, ಹೋಗು."

ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತೆ. ಕೂಸು ಮೊದಲು ಮುಖ ತಿರುಗಿಸಿತು, ಬತ್ತಿಯೆಂದುಕೊಂಡಿತೇನೋ. ಆಮೇಲೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ನೋವಿಗೆ ನನ್ನ ಕಣ್ಣಲ್ಲಿ ನೀರು ಬಂತು, ಆದರೆ ಅಷ್ಟು ಸುಖದ ನೋವು ನನಗೆ ಗೊತ್ತಿಲ್ಲ. ಖಣಿಯ ಹೆಂಗಸೊಬ್ಬಳು ಹೇಳದೆ ಕೇಳದೆ ತನ್ನ ಸೆರಗಿನಿಂದ ನನಗೆ ಗಾಳಿ ಹಾಕುತ್ತಿದ್ದಳು.

ನಿಲ್ದಾಣಕ್ಕೆ ಬಂದಾಗ ಗಾಡಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರ್ಮಿನ ಬೇವಿನ ಗಿಡದ ಕೆಳಗೆ ನೀರಿನ ಗಡಿಗೆಗಳು. ನಮ್ಮವರು ಲೋಟ ತುಂಬಿ ತಂದರು. ಅವ್ವ ಕೈ ಅಡ್ಡ ಹಿಡಿದಳು. ಮನೆಗೆ ಹೋಗಿ ಕುದಿಸಿ ಕೊಟ್ಟರಾಯಿತು ಎಂದಳು. ನಮ್ಮವರು ಲೋಟ ಹಿಡಿದುಕೊಂಡೇ ನಿಂತರು, ಅತ್ತೆಯ ಕೈಯನ್ನು ಸರಿಸುವುದು ಅವರಿಂದಾಗದು. ನಾನು ಜಗಳಕ್ಕೆ ಬಾಯಿ ತೆರೆದೆ. ಆದರೆ ಅವ್ವ ನನ್ನನ್ನು ನೋಡುತ್ತಲೇ ಇರಲಿಲ್ಲ, ಆ ಲೋಟವನ್ನು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದಳು. ಬಂದ ದಾರಿಯಲ್ಲೇ ಬಿರಬಿರನೆ ನಡೆದು ಹೋದಳು.

ನನ್ನವ್ವ ಪರಗಂಡಸರೊಡನೆ ಬಾಗಿಲ ಸಂದಿಯಿಂದ ಮಾತಾಡುವವಳು. ಸೇಡಂನ ಪೇಟೆಗೂ ಒಬ್ಬಳೇ ಹೋದವಳಲ್ಲ. ಗಾಡಿ ಬಂತು, ನಿಂತಿತು, ಹೋಯಿತು. ನಮ್ಮವರು ಹುಡುಕಿಕೊಂಡು ಹೋಗಲು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವಳು ಬಂದಳು, ಕೆಂಪು ಮುಖದಲ್ಲಿ, ಏದುಸಿರು ಬಿಡುತ್ತ. ಎಲ್ಲಿಗೆ ಹೋಗಿದ್ದೆ ಎಂದು ಕೂಗಾಡಿದೆ. ಡಾಕ್ಟರನ್ನು ಒಂದು ಮಾತು ಕೇಳುವುದಿತ್ತು ಎಂದಳು. ನನ್ನ ಪಕ್ಕ ಕುಳಿತು, ಅಳಿಯ ಅಷ್ಟು ದೂರ ಸರಿದು ನಿಂತ ಮೇಲೆ ಹೇಳಿದಳು.

"ನಿನಕಿಂತ ಮೊದಲ ಒಂದ ಹೆಣ್ಣ ಕೂಸ ಇತ್ತವಾ ನನಗ."

ನನಗೆ ಗೊತ್ತಿರಲಿಲ್ಲ. ಅಪ್ಪನೂ ಎಂದೂ ಹೇಳಿದವರಲ್ಲ. ನಾನೇ ಚೊಚ್ಚಲು ಎಂದು ತಿಳಿದೇ ಬೆಳೆದಿದ್ದೆ.

ಅದೂ ಬೇಸಿಗೆಯೇ ಅಂತೆ, ತಾಯಿ ಇಲ್ಲದವಳಾಗಿ ಬಾಣಂತನ ಅತ್ತೆಯ ಮನೆಯಲ್ಲೇ ಅಂತೆ. ನೀರಡಿಕೆ ತಡೆಯಲಾಗದೆ, ಎಲ್ಲರೂ ಮಧ್ಯಾಹ್ನ ಮಲಗಿದ್ದಾಗ, ಹಿತ್ತಲಿಗೆ ಹೋಗಿ ಗಡಿಗೆಯ ತಣ್ಣೀರನ್ನು ತಂಬಿಗೆ ತುಂಬ ಕುಡಿದಳಂತೆ. ಆ ವಾರದಲ್ಲೇ ಕೂಸಿಗೆ ಉಬ್ಬಸ ಹತ್ತಿತು, ಉಳಿಯಲಿಲ್ಲ. ನೀರು ಕುಡಿದದ್ದನ್ನು ಅವಳೇ ಅತ್ತೆಗೆ ಹೇಳಿದಳಂತೆ. ನಿನ್ನ ಕೂಸನ್ನು ನೀನೇ ಕೊಂದುಕೊಂಡೆ ಎಂದರು. ಅಲ್ಲಿಂದೀಚೆಗೆ ಆ ಮಾತನ್ನು ಯಾರೂ ಎತ್ತಲಿಲ್ಲ. ಮನೆಯಲ್ಲಿ ಎಲ್ಲರೂ ಮರೆತರು, ಅವಳೊಬ್ಬಳನ್ನು ಬಿಟ್ಟು.

ಡಾಕ್ಟರರು ಏನೆಂದರು ಎಂದು ಕೇಳಿದೆ. ಅವಳು ಒಂದೊಂದೇ ಮಾತನ್ನು ಜೋಪಾನವಾಗಿ ಇಟ್ಟಂತೆ ಹೇಳಿದಳು.

"ಯಾತರಿಂದ ಹೋತೋ ಈಗ ಹೇಳಾಕ ಬರಾಂಗಿಲ್ಲ ತಾಯಿ ಅಂದ್ರು. ಆದ್ರ ನೀರಿನಿಂದ ಅಲ್ಲ ಅಂದ್ರು. ನೀರಿನಿಂದ ಯಾವ ಕೂಸೂ ಸಾಯಾಂಗಿಲ್ಲ ಅಂದ್ರು."

ಆಮೇಲೆ ನನ್ನ ಮೊಣಕೈ ಹಿಡಿದಳು.

"ಅಂದ್ರ ನಾ ಕೊಂದಿಲ್ಲ ಅಂದಂಗಾತಲ್ಲ?"

"ಇಲ್ಲವ್ವಾ. ನೀ ಕೊಂದಿಲ್ಲ," ಎಂದೆ. ಅವಳು ಎದ್ದು ಗಡಿಗೆಯಿಂದ ಲೋಟ ತುಂಬಿ ತಂದು ನನ್ನ ಕೈಗಿಟ್ಟಳು.

ವಾಡಿಯಲ್ಲಿ ಗಾಡಿ ಬದಲಿಸುವಾಗ ಮತ್ತೆ ಕೇಳಿದಳು, ಚಿತಾಪುರದಲ್ಲಿ ಮತ್ತೆ. ಎರಡೂ ಸಲ ಅದನ್ನೇ ಹೇಳಿದೆ. ಸೇಡಂ ಹತ್ತಿರವಾದಾಗ ಅವಳು ಕೇಳಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಡಬ್ಬಿಯ ತುಂಬ ಜನರಿದ್ದಾರೆಂಬುದನ್ನೂ ಮರೆತು, ಆ ಕೂಸಿಗಾಗಿ ದನಿ ತೆಗೆದು ಅತ್ತಳು. ಅದು ಸತ್ತಾಗ ಅಳುವ ಹಕ್ಕು ತನಗಿಲ್ಲವೆಂದು ಅವಳು ಅತ್ತೇ ಇರಲಿಲ್ಲವಂತೆ.